ಹೆಲಿಕಾಪ್ಟರ್ ಎತ್ತುವ ಬಲವನ್ನು ತಕ್ಕಡಿಯಲ್ಲಿ ತೂಗಿದ್ದು

ಹೆಲಿಕಾಪ್ಟರ್ ಮೇಲೇಳೋದು ಹೇಗೆ ಅಂತ ಪಿಯುಸಿ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ಒಂದೇ ಉತ್ತರ ಕೊಡುತ್ತಾರೆ. ಬ್ಲೇಡಿನ ಮೇಲ್ಭಾಗ ಉಬ್ಬಿರುತ್ತೆ, ಕೆಳಭಾಗ ಚಪ್ಪಟೆ. ಮೇಲಿನ ಗಾಳಿ ಜಾಸ್ತಿ ದೂರ ಹೋಗಬೇಕು, ಆದರೂ ಕೆಳಗಿನ ಗಾಳಿ ಜೊತೆಗೇ ಹಿಂದಿನ ಅಂಚು ಮುಟ್ಟಬೇಕು. ಅದಕ್ಕೆ ಜೋರಾಗಿ ಓಡುತ್ತೆ. ಜೋರಾಗಿ ಓಡಿದ ಗಾಳಿಯಲ್ಲಿ ಒತ್ತಡ ಕಡಿಮೆ. ಬರ್ನೂಲಿ ನಿಯಮ. ಮುಗೀತು.

ನಾನು ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಈ ಉತ್ತರವನ್ನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಅರ್ಧ ಸರಿ, ಅರ್ಧ ತಪ್ಪು. ಬ್ಲೇಡಿನ ಮೇಲ್ಗಡೆ ಒತ್ತಡ ಕಡಿಮೆ ಆಗೋದು ನಿಜ, ಗಾಳಿ ಅಲ್ಲಿ ಜೋರಾಗಿ ಓಡೋದೂ ನಿಜ. ಆದರೆ ಎರಡು ಕಡೆಯ ಗಾಳಿಯೂ ಒಂದೇ ಹೊತ್ತಿಗೆ ಹಿಂದಿನ ಅಂಚಿಗೆ ಬಂದು ಸೇರಬೇಕು ಅಂತ ಯಾವ ನಿಯಮವೂ ಇಲ್ಲ. ನಿಜಕ್ಕೂ ಮೇಲಿನ ಗಾಳಿ ಮೊದಲೇ ತಲುಪಿಬಿಡುತ್ತೆ, ಕೆಳಗಿನದು ಹಿಂದೆ ಉಳಿಯುತ್ತೆ. ಅದಕ್ಕಿಂತ ಮುಖ್ಯವಾಗಿ, ಈ ಉತ್ತರದಲ್ಲಿ ಒಂದು ದೊಡ್ಡ ವಿಷಯವೇ ಬಿಟ್ಟು ಹೋಗಿದೆ. ಹೆಲಿಕಾಪ್ಟರ್ ಗಾಳಿಯನ್ನು ಕೆಳಕ್ಕೆ ಎಸೆಯುತ್ತೆ. ಎಸೆದಷ್ಟಕ್ಕೇ ಅದು ಮೇಲೆ ನಿಲ್ಲುತ್ತೆ. ಬಾವಿಯಲ್ಲಿ ಈಜುವಾಗ ನಿಂತಲ್ಲೇ ತೇಲಬೇಕಾದರೆ ನೀರನ್ನು ಕಾಲಲ್ಲಿ ಕೆಳಕ್ಕೆ ತುಳಿಯುತ್ತಲೇ ಇರಬೇಕಲ್ವಾ, ಹಾಗೆ.

ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದರೆ ಮಕ್ಕಳು ನೋಟ್ಸ್ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಮತ್ತೆ ಹಳೇ ಉತ್ತರವನ್ನೇ ಬರೆಯುತ್ತಾರೆ. ಅದಕ್ಕೆ ಈ ಬಲವನ್ನು ಕಣ್ಣೆದುರಿಗೆ ತೂಗಿ ತೋರಿಸೋಣ ಅಂತ ಹೊರಟೆ.

ಬೆಂಗಳೂರಿನಲ್ಲಿ ರೇಡಿಯೋ ಕಂಟ್ರೋಲ್ ಹೆಲಿಕಾಪ್ಟರ್ ಹಾರಿಸುವ ಹವ್ಯಾಸಿಗಳಿದ್ದಾರೆ. ಅವರಲ್ಲೊಬ್ಬರ ಹತ್ತಿರ ಬಾಲ ಮುರಿದ ಮಾಡೆಲ್ ಒಂದು ಸುಮ್ನೆ ಬಿದ್ದಿತ್ತು. ಅವರ ಭಾಷೆಯಲ್ಲಿ '450 ಸೈಜ್'. ಒಂದೊಂದು ಬ್ಲೇಡ್ 32.5 ಸೆಂಟಿಮೀಟರ್ ಉದ್ದ. ಎರಡೂ ಸೇರಿ ತಿರುಗಿದರೆ ಸುಮಾರು 70 ಸೆಂಟಿಮೀಟರ್ ಅಗಲದ ಚಕ್ರ, ಅದಕ್ಕೆ ರೋಟರ್ ಅಂತಾರೆ. ಬಾಲ ನನಗೆ ಬೇಕಿರಲಿಲ್ಲ. ಮೋಟರ್, ಗೇರು, ಬ್ಲೇಡಿನ ಕೋನ (ಅದು ಎಷ್ಟು ಓರೆ ಅನ್ನೋದು) ಬದಲಿಸುವ ಚಿಕ್ಕ ಸರ್ವೋ ಮೋಟರ್‌ಗಳು ಎಲ್ಲ ಚೆನ್ನಾಗಿದ್ದವು. ಆ ಬ್ಲೇಡುಗಳಲ್ಲಿ ನನಗೆ ಬೇಕಾದ ಒಂದು ಗುಣ ಇತ್ತು. ಅಡ್ಡಕ್ಕೆ ಕೊಯ್ದರೆ ಮೇಲೂ ಕೆಳಗೂ ಒಂದೇ ಉಬ್ಬು. ಮೇಲೆ ದೂರ ಜಾಸ್ತಿ, ಕೆಳಗೆ ಕಡಿಮೆ ಅನ್ನೋ ಮಾತೇ ಇಲ್ಲ.

ಮಾಡೆಲ್ ನಿಲ್ಲಿಸೋಕೆ ಸ್ಟ್ಯಾಂಡ್ ಮಾಡಿಕೊಟ್ಟವರು ಹಳೇ ಪಿ.ಬಿ. ರಸ್ತೆ ಕಡೆಯ ಲೇತ್ ಅಂಗಡಿಯ ಅಣ್ಣ. ಅವರ ತಂದೆ ನಮ್ಮೂರಿನ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ಮಿಲ್ಲಿನ ಕೆಲಸ ಹೋಯಿತು, ಕೈಕೆಲಸ ಮಗನಿಗೆ ಬಂತು. ನಾನು ಮಾಡೆಲ್ ಮೇಜಿನ ಮೇಲಿಟ್ಟು ಲಿಫ್ಟ್ (ಎತ್ತುವ ಬಲ), ಕೋನ ಅಂತ ಶುರು ಮಾಡಿದೆ. ಅವರು ಬ್ಲೇಡ್ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿದರು.

“ಮೇಡಂ, ತಿರುಗೋ ಸಾಮಾನಿಗೆ ಮೊದ್ಲು ಬ್ಯಾಲೆನ್ಸ್ ನೋಡ್ರಿ. ಉಳಿದದ್ದೆಲ್ಲ ಆಮೇಲೆ.”

ಅವರು ಹೇಳಿದ್ದು ಎಷ್ಟು ದೊಡ್ಡ ಮಾತು ಅಂತ ಮನೆಗೆ ಬಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ನಾವು ನಿಮಿಷಕ್ಕೆ 1500 ಸುತ್ತು ಓಡಿಸಬೇಕು ಅಂತಿದ್ದೆವು. ಆಗಸದಲ್ಲಿ ಹಾರುವಾಗ ಈ ಮಾಡೆಲ್ ಇನ್ನೂ ತುಂಬಾ ಜೋರಾಗಿ ತಿರುಗುತ್ತೆ, ಕೋಣೆಯೊಳಗೆ ಅಷ್ಟು ಬೇಡ. 1500ರಲ್ಲೇ ಸುಮಾರು 30 ಗ್ರಾಂ ತೂಗುವ ಒಂದೊಂದು ಬ್ಲೇಡನ್ನು ಹೊರಕ್ಕೆ ಎಳೆಯುವ ಬಲ 14 ಕೆಜಿ ತೂಕಕ್ಕೆ ಸಮ. ಎರಡು ಬ್ಲೇಡುಗಳ ಮಧ್ಯೆ ಒಂದೇ ಒಂದು ಗ್ರಾಂ ವ್ಯತ್ಯಾಸ ಇದ್ದರೂ ಅರ್ಧ ಕೆಜಿಯಷ್ಟು ಬಲ ಒಂದು ಕಡೆಗೆ ಎಳೆಯುತ್ತಾ ಸೆಕೆಂಡಿಗೆ 25 ಸಲ ಸುತ್ತು ಹೊಡೆಯುತ್ತೆ. ನಾವು ತೂಗಬೇಕು ಅಂತಿದ್ದ ಬಲವೂ ಹೆಚ್ಚು ಕಡಿಮೆ ಅಷ್ಟೇ.

ಅಣ್ಣ ಎರಡೂ ಬ್ಲೇಡನ್ನು ಒಂದೇ ಬೋಲ್ಟಿಗೆ ಎದುರುಬದುರು ಜೋಡಿಸಿದರು. ಆ ಬೋಲ್ಟನ್ನು ಎರಡು ಗಾಜಿನ ಲೋಟಗಳ ಅಂಚಿನ ಮೇಲೆ ಅಡ್ಡಲಾಗಿ ಇಟ್ಟರು. ಒಂದು ಬ್ಲೇಡ್ ನಿಧಾನಕ್ಕೆ ಕೆಳಗೆ ಬಾಗಿತು. ಹಗುರ ಇದ್ದ ಬ್ಲೇಡಿನ ತುದಿಗೆ ಬಣ್ಣದ ಟೇಪಿನ ಚೂರು ಸುತ್ತಿದರು. ಇನ್ನೂ ಬಾಗಿತು. ಇನ್ನೊಂದು ಚೂರು. ಕತ್ತರಿಯಲ್ಲಿ ಕೂದಲೆಳೆಯಷ್ಟು ಕತ್ತರಿಸಿ ತೆಗೆದರು. ಕೊನೆಗೆ ಎರಡೂ ಬ್ಲೇಡ್ ಅಲುಗಾಡದೆ ಸಮಕ್ಕೆ ನಿಂತವು. ಬ್ಲೇಡ್ ಹೇಗೆ ಬಿಟ್ಟರೂ ಹಾಗೇ ನಿಲ್ಲೋವರೆಗೆ ಅವರು ಬಿಡಲಿಲ್ಲ.

ಅದಾದ ಮೇಲೆ ಟ್ರ್ಯಾಕಿಂಗ್, ಅಂದರೆ ಎರಡೂ ಬ್ಲೇಡ್ ಒಂದೇ ಮಟ್ಟದಲ್ಲಿ ಓಡುತ್ತವಾ ಅಂತ ನೋಡೋದು. ಒಂದು ಬ್ಲೇಡಿನ ತುದಿ ಕೆಂಪು, ಇನ್ನೊಂದರದ್ದು ನೀಲಿ. ಓಡಿಸಿ, ದೂರದಲ್ಲಿ ಕಣ್ಣಿನ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ನೋಡಬೇಕು. ಎರಡೂ ಬ್ಲೇಡಿನ ಕೋನ ಒಂದೇ ಇದ್ದರೆ ಒಂದೇ ಗೆರೆ ಕಾಣುತ್ತೆ. ನಮಗೆ ಮೊದಲು ಕೆಂಪು ಗೆರೆ ಮೇಲೆ, ನೀಲಿ ಗೆರೆ ಕೆಳಗೆ ಕಂಡವು. ಅಂದರೆ ಕೆಂಪು ಬ್ಲೇಡಿನ ಕೋನ ಸ್ವಲ್ಪ ಜಾಸ್ತಿ, ಅದು ಜಾಸ್ತಿ ಲಿಫ್ಟ್ ಕೊಟ್ಟು ಮೇಲಕ್ಕೆ ಏರಿದೆ. ಬ್ಲೇಡಿಗೆ ಹೋಗುವ ಲಿಂಕ್ ಕಡ್ಡಿಯನ್ನು ಅರ್ಧ ಸುತ್ತು ತಿರುಗಿಸಿದ ಮೇಲೆ ಎರಡು ಗೆರೆಯೂ ಒಂದಾಗಿ ನೇರಳೆ ಬಣ್ಣಕ್ಕೆ ತಿರುಗಿದವು. ದೊಡ್ಡ ಹೆಲಿಕಾಪ್ಟರ್‌ಗಳಿಗೂ ಟ್ರ್ಯಾಕಿಂಗ್, ಬ್ಯಾಲೆನ್ಸಿಂಗ್ ಮಾಡಲೇಬೇಕು.

ಉಳಿದ ಸಾಮಾನು ಸುಲಭ. ದಪ್ಪ ಕಬ್ಬಿಣದ ತಳ, ಅದರ ಮೇಲೆ ಪೈಪು, ಪೈಪಿನ ತುದಿಗೆ ಮಾಡೆಲ್. ಸುತ್ತಲೂ ಮೇಲೂ ಅರ್ಧ ಇಂಚಿನ ಕಣ್ಣಿನ ತಂತಿ ಜಾಲರಿಯ ಪಂಜರ, ಅದು ತಕ್ಕಡಿಗೆ ತಾಗದ ಹಾಗೆ ನೆಲದ ಮೇಲೆ ನಿಂತಿತ್ತು. ಕಿರಾಣಿ ಅಂಗಡಿಯಲ್ಲಿ ಇರುವಂಥ ಎಲೆಕ್ಟ್ರಾನಿಕ್ ತಕ್ಕಡಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು ಅಂಕೆಯನ್ನು ಸೊನ್ನೆಗೆ ತಂದದ್ದು. ಸುತ್ತು ಎಣಿಸೋಕೆ ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತಂದ ಟ್ಯಾಕೋಮೀಟರ್.

ಮೊದಲು ಕೋನವನ್ನು ಸೊನ್ನೆಗೆ ಇಟ್ಟು 1500 ಸುತ್ತಿಗೆ ತಂದೆವು. ಬ್ಲೇಡ್ ಕಣ್ಣಿಗೆ ಕಾಣುತ್ತಿಲ್ಲ, ಸದ್ದು ಕೋಣೆ ತುಂಬಿದೆ. ತುದಿಯ ವೇಗ ಸೆಕೆಂಡಿಗೆ 55 ಮೀಟರ್, ಅಂದರೆ ಗಂಟೆಗೆ 200 ಕಿಲೋಮೀಟರ್ ಹತ್ತಿರ. ಗಾಳಿ ಬ್ಲೇಡಿನ ಮೇಲೂ ಕೆಳಗೂ ಅಷ್ಟು ಜೋರಾಗಿ ಓಡುತ್ತಿದೆ. ತಕ್ಕಡಿ ಮಾತ್ರ ಸೊನ್ನೆಯ ಅಕ್ಕಪಕ್ಕದಲ್ಲೇ ಇತ್ತು. ಮಕ್ಕಳು ಸುಮ್ಮನಾದರು. ವೇಗವೇ ಲಿಫ್ಟ್ ಕೊಡೋದಾದರೆ ಇಷ್ಟು ಹೊತ್ತಿಗೆ ಏನಾದರೂ ಕಾಣಬೇಕಿತ್ತಲ್ಲ. ಆಮೇಲೆ ಕೋನವನ್ನು ಮೆಲ್ಲಗೆ ಏರಿಸಿದೆ. ಸದ್ದು ದಪ್ಪ ಆಯಿತು, ಅಂಕೆ ಓಡೋಕೆ ಶುರುವಾಯಿತು. ಮೇಲೂ ಕೆಳಗೂ ಒಂದೇ ಉಬ್ಬಿನ ಬ್ಲೇಡ್, ಬರೀ ಕೋನ ಕೊಟ್ಟಿದ್ದಕ್ಕೆ ಬಲ ಹುಟ್ಟಿತು. ಓರೆಯಾದ ಬ್ಲೇಡ್ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತೆ. ಹಾಗೆ ತಿರುಗಿಸುವಾಗ ಮೇಲ್ಗಡೆ ಒತ್ತಡ ಕಡಿಮೆ, ಕೆಳಗಡೆ ಜಾಸ್ತಿ. ಒತ್ತಡದ ಮಾತೂ ಗಾಳಿ ಎಸೆಯುವ ಮಾತೂ ಬೇರೆಬೇರೆ ಕಾರಣಗಳಲ್ಲ. ಒಂದೇ ಘಟನೆಯನ್ನು ಬ್ಲೇಡಿನ ಕಡೆಯಿಂದ ನೋಡಿದರೆ ಒತ್ತಡ, ಗಾಳಿಯ ಕಡೆಯಿಂದ ನೋಡಿದರೆ ತಳ್ಳುವಿಕೆ.

ಇಲ್ಲಿ ಒಬ್ಬ ಹುಡುಗಿ ಒಳ್ಳೇ ಪ್ರಶ್ನೆ ಎತ್ತಿದಳು. “ಮಿಸ್, ಕೆಳಗೆ ಬಿದ್ದ ಗಾಳಿ ತಕ್ಕಡಿ ತಟ್ಟೆ ಮೇಲೇ ಬೀಳುತ್ತಲ್ಲ? ಅದೂ ತಟ್ಟೆನ ಒತ್ತುತ್ತೆ ಅಲ್ವಾ?”

ಒತ್ತುತ್ತೆ. ಅದನ್ನೇ ದೊಡ್ಡದಾಗಿ ಮಾಡಿ ತೋರಿಸೋಣ ಅಂತ ಮೂರಡಿ ಅಗಲದ ಪ್ಲೈವುಡ್ ಹಲಗೆಯನ್ನು ಸ್ಟ್ಯಾಂಡಿನ ತಳಕ್ಕೇ ಬಿಗಿದೆವು. 8 ಡಿಗ್ರಿ ಕೋನ, 1500 ಸುತ್ತು. ಗಾಳಿ ಹಲಗೆಗೆ ಬಡಿದು ಸುತ್ತಲೂ ಹರಡುತ್ತಿತ್ತು, ನಮ್ಮ ಕಾಲಿಗೆ ತಣ್ಣಗೆ ತಾಗುತ್ತಿತ್ತು. ತಕ್ಕಡಿಯಲ್ಲಿ ತೂಕ ಇಳಿದದ್ದು ಬರೀ 30–40 ಗ್ರಾಂ. ರೋಟರ್ ಸ್ಟ್ಯಾಂಡನ್ನು ಮೇಲಕ್ಕೆ ಎತ್ತುತ್ತಿದೆ, ಅದೇ ರೋಟರಿನ ಗಾಳಿ ಹಲಗೆಯನ್ನು ಕೆಳಕ್ಕೆ ಒತ್ತುತ್ತಿದೆ. ಎರಡೂ ಒಂದೇ ತಕ್ಕಡಿಯ ಮೇಲೆ. ಹೆಲಿಕಾಪ್ಟರ್ ಒಂದನ್ನು ದೊಡ್ಡ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು, ಒಳಗೇ ನಿಂತಲ್ಲಿ ಹಾರಿಸಿ, ಪೆಟ್ಟಿಗೆ ಸಮೇತ ತೂಗಿದರೆ ತೂಕ ಬದಲಾಗಲ್ಲ. ಆಕಾಶದಲ್ಲಿ ನಿಂತ ಹೆಲಿಕಾಪ್ಟರಿನ ಭಾರವನ್ನೂ ಕೊನೆಗೆ ನೆಲವೇ ಹೊರುತ್ತೆ, ಮಧ್ಯದಲ್ಲಿ ಗಾಳಿ ಇದೆ ಅಷ್ಟೇ. ಈ ಒಂದು ವಿಷಯಕ್ಕೆ ಇಡೀ ಪೀರಿಯಡ್ ಕೊಟ್ಟೆ. ನನಗೆ ಅದು ಸಾರ್ಥಕ ಅನ್ನಿಸಿತು.

ಹಾಗಾದರೆ ಎತ್ತುವ ಬಲ ಪೂರ್ತಿ ಎಷ್ಟು ಅಂತ ತಿಳಿಯೋದು ಹೇಗೆ? ಗಾಳಿಯನ್ನು ತಕ್ಕಡಿಯಿಂದ ದೂರ ಕಳಿಸಬೇಕು. ಎರಡೂ ಕಡೆ ಒಂದೇ ಥರ ಇರುವ ಬ್ಲೇಡ್ ಇದ್ದದ್ದರಿಂದ ಇದು ಸುಲಭ ಆಯಿತು. ಹಲಗೆ ಬಿಚ್ಚಿದೆವು. ಕೋನವನ್ನು ಸೊನ್ನೆಗಿಂತ ಕೆಳಗೆ, ಮೈನಸ್ 8 ಡಿಗ್ರಿಗೆ ಇಳಿಸಿದೆವು. ಈಗ ಗಾಳಿ ಸೂರಿನ ಕಡೆ ಹೋಗುತ್ತೆ, ಸ್ಟ್ಯಾಂಡ್ ಕೆಳಕ್ಕೆ ಒತ್ತುತ್ತೆ. ಬಲದ ಅಳತೆ ಅಷ್ಟೇ, ದಿಕ್ಕು ಮಾತ್ರ ತಿರುಗುಮುರುಗು. ಹವ್ಯಾಸಿಗಳು ಮಾಡೆಲ್ ಹೆಲಿಕಾಪ್ಟರನ್ನು ತಲೆಕೆಳಗಾಗಿ ಹಾರಿಸೋದೂ ಹೀಗೇ.

ಅಂಕೆ ಸ್ವಲ್ಪ ಕುಣಿಯುತ್ತಿತ್ತು. ಮೊಬೈಲಲ್ಲಿ ವಿಡಿಯೋ ಮಾಡಿ ಸರಾಸರಿ ತೆಗೆದೆವು. 4 ಡಿಗ್ರಿಗೆ 175 ಗ್ರಾಂ ಹತ್ತಿರ. 8 ಡಿಗ್ರಿಗೆ 450 ಹತ್ತಿರ. ಕೋನ ಎರಡರಷ್ಟು ಮಾಡಿದರೆ ಬಲ ಎರಡರಷ್ಟಕ್ಕಿಂತ ಜಾಸ್ತಿ ಬಂತು. ಯಾಕೆ? ರೋಟರ್ ಗಾಳಿಯನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಆ ಗಾಳಿ ಬರುವ ದಿಕ್ಕಿನಿಂದಾಗಿ ಬ್ಲೇಡಿಗೆ ನಾವು ಕೊಟ್ಟ ಕೋನದಲ್ಲಿ ಒಂದು ಪಾಲು ವ್ಯರ್ಥ ಆಗುತ್ತೆ. ಚಿಕ್ಕ ಕೋನದಲ್ಲಿ ಈ ನಷ್ಟದ ಪಾಲು ದೊಡ್ಡದು. ಹಾಗಂತ ಏರಿಸುತ್ತಲೇ ಹೋಗೋಕೆ ಆಗಲ್ಲ. ಒಂದು ಮಿತಿ ದಾಟಿದರೆ ಗಾಳಿ ಬ್ಲೇಡಿನ ಮೇಲ್ಮೈ ಬಿಟ್ಟು ಕಿತ್ತುಕೊಂಡು ಹೋಗುತ್ತೆ, ಲಿಫ್ಟ್ ಕುಸಿಯುತ್ತೆ. ಅದಕ್ಕೆ ಸ್ಟಾಲ್ ಅಂತಾರೆ. ಸುತ್ತು ಇಳಿಸಿ ನೋಡಿದಾಗ 8 ಡಿಗ್ರಿಗೇ 1000 ಸುತ್ತಿನಲ್ಲಿ 200 ಗ್ರಾಂ ಹತ್ತಿರ. ವೇಗ ಒಂದೂವರೆಪಟ್ಟು ಆದರೆ ಬಲ ಎರಡೂಕಾಲುಪಟ್ಟು. ವೇಗದ ವರ್ಗಕ್ಕೆ ಬಲ ಏರುತ್ತೆ ಅಂತ ಪುಸ್ತಕದಲ್ಲಿ ಇರೋದು ಇದೇ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ನಮ್ಮ ಚಕ್ರದ ವಿಸ್ತೀರ್ಣ 0.385 ಚದರ ಮೀಟರ್. ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಬಿಸಿ ಗಾಳಿಯ ಒಂದು ಘನ ಮೀಟರ್ ಸುಮಾರು 1.08 ಕೆಜಿ ತೂಗುತ್ತೆ. 450 ಗ್ರಾಂ ಎತ್ತಬೇಕಾದರೆ ಚಕ್ರದ ಮೂಲಕ ಗಾಳಿ ಸೆಕೆಂಡಿಗೆ 2.3 ಮೀಟರ್ ವೇಗದಲ್ಲಿ ಹಾಯಬೇಕು ಅಂತ ಸೂತ್ರ ಹೇಳುತ್ತೆ. ದಾಟಿದ ಮೇಲೆ ಗಾಳಿಯ ಕಂಬ ಕಿರಿದಾಗುತ್ತಾ ವೇಗ ಎರಡರಷ್ಟು, 4.6 ಮೀಟರ್ ಆಗುತ್ತೆ. ಗುಣಿಸಿ ನೋಡಿ. ಸೆಕೆಂಡಿಗೆ ಹೆಚ್ಚು ಕಡಿಮೆ ಒಂದು ಕೆಜಿ ಗಾಳಿ! ನಿಂತಿದ್ದ ಒಂದು ಕೆಜಿ ಗಾಳಿಗೆ ಪ್ರತಿ ಸೆಕೆಂಡೂ 4.6 ಮೀಟರ್ ವೇಗ ಕೊಡುತ್ತಿದ್ದೇವೆ. ಅದು ಸುಮಾರು 4.5 ನ್ಯೂಟನ್. ತಕ್ಕಡಿಯಲ್ಲಿ 450 ಗ್ರಾಂ. ಗಾಳಿ ವೇಗ ಅಳೆಯುವ ಚಿಕ್ಕ ಮೀಟರನ್ನು ಪಂಜರದ ಮೇಲೆ ಹಿಡಿದಾಗ ಒಳ್ಳೇ ಜಾಗದಲ್ಲಿ 4ರಿಂದ 4.5 ತೋರಿಸಿತು. ಮಕ್ಕಳೇ ಕ್ಯಾಲ್ಕುಲೇಟರ್ ಒತ್ತಿ ಲೆಕ್ಕ ತಾಳೆ ನೋಡಿದರು. ನ್ಯೂಟನ್‌ನ ಮೂರನೇ ನಿಯಮವನ್ನು ಎಷ್ಟು ಸಲ ಹೇಳಿದ್ದೇನೋ, ಅಂಕೆಯಲ್ಲಿ ಅದು ಹೀಗೆ ಕೈಗೆ ಸಿಕ್ಕಿದ್ದು ಬೇರೆಯೇ ಖುಷಿ.

ಇದೇ ಲೆಕ್ಕವನ್ನು ನಮ್ಮ ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿಗೆ ಹಾಕಿದೆವು. ರೋಟರ್ ಅಗಲ 13.2 ಮೀಟರ್, ಪೂರ್ತಿ ಭಾರ ಹೊತ್ತಾಗ 5500 ಕೆಜಿ. ಸಮುದ್ರಮಟ್ಟದಲ್ಲಿ ಅದು ಸೆಕೆಂಡಿಗೆ ಎರಡು ಟನ್‌ಗೂ ಜಾಸ್ತಿ ಗಾಳಿಯನ್ನು ಕೆಳಕ್ಕೆ ಎಸೆಯಬೇಕು. ಕೆಳಗೆ ಬರುವ ಗಾಳಿಯ ವೇಗ ಗಂಟೆಗೆ 90 ಕಿಲೋಮೀಟರ್ ಹತ್ತಿರ. ಚುನಾವಣೆ ಟೈಮಲ್ಲಿ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಯೋ ಮೊದಲು ಟ್ಯಾಂಕರಿನಲ್ಲಿ ನೀರು ಹೊಡೆಯೋದು ಇದಕ್ಕೇ.

ರೋಟರ್ ಯಾಕೆ ಅಷ್ಟು ದೊಡ್ಡದಿರಬೇಕು ಅನ್ನೋದೂ ಇಲ್ಲೇ ಇದೆ. ಅದೇ ಬಲವನ್ನು ಸ್ವಲ್ಪ ಗಾಳಿಯನ್ನು ತುಂಬಾ ಜೋರಾಗಿ ಎಸೆದೂ ಪಡೆಯಬಹುದು, ಜಾಸ್ತಿ ಗಾಳಿಯನ್ನು ನಿಧಾನಕ್ಕೆ ಎಸೆದೂ ಪಡೆಯಬಹುದು. ಬಲ ಸಿಗೋದು ವೇಗಕ್ಕೆ ತಕ್ಕಷ್ಟು. ಆದರೆ ಶಕ್ತಿ ಖರ್ಚಾಗೋದು ವೇಗದ ವರ್ಗಕ್ಕೆ ತಕ್ಕಷ್ಟು. ಅದಕ್ಕೆ ದೊಡ್ಡ ಚಕ್ರ, ನಿಧಾನ ಗಾಳಿ ಲಾಭ.

ಗಾಳಿಯನ್ನು ಕಣ್ಣಿಗೆ ತೋರಿಸೋಕೆ ಮಂಡಕ್ಕಿ ತಂದೆವು. ನಮ್ಮೂರಲ್ಲಿ ಭಟ್ಟಿಯಿಂದ ಬಿಸಿಬಿಸಿ ಮಂಡಕ್ಕಿ ತರೋದೇನು ಕಷ್ಟ ಅಲ್ಲ. ಗಾಳಿ ಮೇಲಕ್ಕೆ ಹೋಗುವ ಹಾಗೆ ಮೈನಸ್ ಕೋನದಲ್ಲೇ ರೋಟರ್ ಓಡಿಸಿ, ಪಂಜರದ ಮೇಲಿನ ಜಾಲರಿಯ ಮೂಲಕ ಒಂದೊಂದು ಹಿಡಿ ಬಿಟ್ಟೆವು. ಎಲ್ಲರೂ ಕಣ್ಣಿಗೆ ಕನ್ನಡಕ ಹಾಕಿ ದೂರ ನಿಂತಿದ್ದೆವು. ಬ್ಲೇಡಿನ ಹೊರಭಾಗದ ಮೇಲೆ ಬಿಟ್ಟ ಮಂಡಕ್ಕಿ ಕೆಳಗೆ ಇಳಿಯಲೇ ಇಲ್ಲ. ಚಿಮ್ಮಿ ಮೇಲೆ ಹಾರಿ, ಜಾಲರಿಗೆ ತಾಗಿ, ಪಕ್ಕಕ್ಕೆ ಜಾರಿ, ಅಂಚು ದಾಟಿದ ತಕ್ಷಣ ಗೋಡೆ ಬದಿಯಲ್ಲಿ ಕೆಳಗೆ ಉದುರಿತು. ನಡುಮಧ್ಯದಲ್ಲಿ ಬಿಟ್ಟದ್ದು ಮಾತ್ರ ನೆಟ್ಟಗೆ ರೋಟರ್ ತಲೆಯ ಮೇಲೇ ಬಿತ್ತು. ಇದರಲ್ಲಿ ಎಲ್ಲಾ ಇದೆ. ಬ್ಲೇಡಿನ ಬುಡ ನಿಧಾನ, ತುದಿ ಜೋರು. ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಇರೋದರಿಂದ ಬುಡದ ಹತ್ತಿರ ಲಿಫ್ಟ್ ಏನೂ ಇಲ್ಲದಷ್ಟು ಕಡಿಮೆ, ಹೊರಗಿನ ಅರ್ಧವೇ ಬಹುಪಾಲು ಭಾರ ಹೊರುತ್ತೆ. ಎಷ್ಟೋ ಹೆಲಿಕಾಪ್ಟರ್‌ಗಳ ಬ್ಲೇಡನ್ನು ಬುಡದಿಂದ ತುದಿಗೆ ಹೋಗುತ್ತಾ ಕೋನ ಕಡಿಮೆ ಆಗುವ ಹಾಗೆ ತಿರುಚಿರುತ್ತಾರೆ. ಭಾರ ಒಂದಿಷ್ಟು ಒಳಗೂ ಹಂಚಿಕೆ ಆಗಲಿ ಅಂತ.

ಊದುಬತ್ತಿ ಹೊಗೆಯೂ ಒಂದು ವಿಷಯ ಹೇಳಿತು. ಗಾಳಿ ಹೊರಟ ಕಡೆ ಅದು ಒಂದೇ ಕಂಬ. ಗಾಳಿ ಒಳಗೆ ಬರುವ ಕಡೆ ಮಾತ್ರ ಸುತ್ತ ಎಲ್ಲಾ ದಿಕ್ಕಿನಿಂದಲೂ ಹೊಗೆ ಮೆಲ್ಲಗೆ ಬಾಗಿ ಬರುತ್ತೆ. ಬ್ಲೇಡಿನ ತುದಿಯ ಹತ್ತಿರ ಹಿಡಿದರೆ ಸುರುಳಿ ಸುತ್ತಿಕೊಳ್ಳುತ್ತೆ. ಜಾಸ್ತಿ ಒತ್ತಡದ ಕಡೆಯ ಗಾಳಿ ತುದಿ ಬಳಸಿ ಕಡಿಮೆ ಒತ್ತಡದ ಕಡೆಗೆ ನುಸುಳೋದೇ ಆ ಸುರುಳಿ.

ಬಿಸಿಲಿನ ಪರಿಣಾಮವನ್ನೂ ನೋಡಿದೆವು. ಏಪ್ರಿಲ್‌ನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ 20 ಗ್ರಾಂ ಹತ್ತಿರ ವ್ಯತ್ಯಾಸ ಬಂತು. ಬಿಸಿ ಗಾಳಿ ತೆಳು, ಎಸೆಯೋಕೆ ಸಿಗುವ ಗಾಳಿಯೇ ಕಡಿಮೆ. ಬೆಟ್ಟದ ಮೇಲೂ ಹಾಗೇ.

ರೋಟರಿನ ಗಾಳಿ ಹೋಗುವ ದಾರಿಗೆ ಹಲಗೆಯೊಂದನ್ನು, ತಕ್ಕಡಿಗೆ ತಾಗದಂತೆ, 17 ಸೆಂಟಿಮೀಟರ್ ದೂರದಲ್ಲಿ ಅಡ್ಡ ಹಿಡಿದಾಗ ಬಲ ನೂರು ಗ್ರಾಂ ಹತ್ತಿರ ಜಾಸ್ತಿ ಆಯಿತು. ಹಲಗೆ ದೂರ ಸರಿದಂತೆ ಅದು ಕರಗಿತು, 70 ಸೆಂಟಿಮೀಟರಿಗೆ ಹೋದಾಗ ವ್ಯತ್ಯಾಸ ಗೊತ್ತೇ ಆಗಲಿಲ್ಲ. ನೆಲದ ಹತ್ತಿರ ಹೆಲಿಕಾಪ್ಟರಿಗೆ ಸಿಗುವ ನೆರವು ಇದು. ನೆಲ ಗಾಳಿಯ ಓಟ ತಡೆಯುತ್ತೆ, ಒಳಗೆ ಬರುವ ಗಾಳಿಯ ವೇಗ ಇಳಿಯುತ್ತೆ, ಬ್ಲೇಡಿಗೆ ಕೋನದ ಹೆಚ್ಚಿನ ಪಾಲು ದಕ್ಕುತ್ತೆ.

ಬಾಲ ಯಾಕೆ ಬೇಕು ಅನ್ನೋದಕ್ಕೆ ಅಣ್ಣ ಒಂದು ತಿರುಗು ತಟ್ಟೆ ಮಾಡಿಕೊಟ್ಟರು, ಬೇರಿಂಗ್ ಮೇಲೆ ಕೂತದ್ದು. ಸ್ಟ್ಯಾಂಡ್ ಅದರ ಮೇಲಿಟ್ಟರೆ ರೋಟರ್ ಒಂದು ಕಡೆ, ಸ್ಟ್ಯಾಂಡ್ ಇನ್ನೊಂದು ಕಡೆ ತಿರುಗುತ್ತೆ. 30 ಸೆಂಟಿಮೀಟರ್ ದೂರದಲ್ಲಿ ದಾರ ಕಟ್ಟಿ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿದೆವು. ಕೋನ ಸೊನ್ನೆ ಇದ್ದಾಗ 20 ಗ್ರಾಂ ಆಸುಪಾಸು, 8 ಡಿಗ್ರಿಗೆ 50 ಹತ್ತಿರ. ಮೊದಲ ಅಂಕೆ ಬ್ಲೇಡ್ ಗಾಳಿಯನ್ನು ಸೀಳಿಕೊಂಡು ಹೋಗೋದಕ್ಕೇ ಕೊಡುವ ಬೆಲೆ. ಉಳಿದದ್ದು ಎತ್ತುವುದಕ್ಕೆ ಕೊಡುವ ಬೆಲೆ. ಹೀಗೆ ಎದುರು ದಿಕ್ಕಿಗೆ ತಿರುಗೋದನ್ನು ತಡೆಯೋಕೆ ಬಾಲದ ರೋಟರ್ ಪಕ್ಕಕ್ಕೆ ತಳ್ಳುತ್ತೆ. 1939ರಲ್ಲಿ ಇಗೊರ್ ಸಿಕೋರ್ಸ್ಕಿ ಹಾರಿಸಿದ ವಿಎಸ್-300ರಲ್ಲಿ ಒಂದು ದೊಡ್ಡ ರೋಟರ್, ಬಾಲದಲ್ಲಿ ಚಿಕ್ಕ ರೋಟರ್ ಇತ್ತು. ಇವತ್ತಿನ ಬಹುಪಾಲು ಹೆಲಿಕಾಪ್ಟರ್‌ಗಳು ಅದೇ ದಾರಿ ಹಿಡಿದಿವೆ. ನಮ್ಮ ನೌಕಾಪಡೆಯ ಕಾಮೋವ್‌ನಲ್ಲಿ ಒಂದರ ಮೇಲೊಂದು, ವಾಯುಪಡೆಯ ಚಿನೂಕ್‌ನಲ್ಲಿ ಹಿಂದೆ ಮುಂದೆ ಎರಡು ರೋಟರ್ ಇವೆ. ಎದುರು ದಿಕ್ಕಿಗೆ ತಿರುಗಿ ಒಂದರ ತಿರುಚನ್ನು ಇನ್ನೊಂದು ಕಳೆಯುತ್ತೆ.

ಅಣ್ಣನಿಗೆ ಮನಸ್ಸು ಹೋಗಿದ್ದು ಬ್ಲೇಡಿನ ಕೋನ ಬದಲಿಸುವ ಸ್ವಾಶ್‌ಪ್ಲೇಟ್ ಮೇಲೆ. ಬಿಚ್ಚಿ ಅಂಗೈ ಮೇಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು. ಎರಡು ಬಿಲ್ಲೆ, ನಡುವೆ ಬೇರಿಂಗ್. ಕೆಳಗಿನ ಬಿಲ್ಲೆ ತಿರುಗಲ್ಲ, ಮೂರು ಸರ್ವೋ ಅದನ್ನು ಮೂರು ಕಡೆಯಿಂದ ಹಿಡಿದಿವೆ. ಮೇಲಿನದು ಬ್ಲೇಡಿನ ಜೊತೆ ತಿರುಗುತ್ತೆ, ಅದರಿಂದ ಲಿಂಕ್ ಕಡ್ಡಿಗಳು ಬ್ಲೇಡಿಗೆ ಹೋಗಿವೆ. ಮೂರೂ ಸರ್ವೋ ಒಟ್ಟಿಗೆ ಎತ್ತಿದರೆ ಎಲ್ಲಾ ಬ್ಲೇಡಿಗೂ ಒಂದೇ ಸಮ ಕೋನ ಏರುತ್ತೆ, ಹೆಲಿಕಾಪ್ಟರ್ ಮೇಲೇಳುತ್ತೆ. ಒಂದು ಕಡೆ ಮಾತ್ರ ಎತ್ತಿದರೆ ಬಿಲ್ಲೆ ಓರೆ ಆಗುತ್ತೆ. ಆಗ ಪ್ರತಿ ಸುತ್ತಿನಲ್ಲೂ ಬ್ಲೇಡಿನ ಕೋನ ಒಂದು ಕಡೆ ಜಾಸ್ತಿ, ಎದುರು ಕಡೆ ಕಡಿಮೆ. ಚಕ್ರ ವಾಲುತ್ತೆ, ಹೆಲಿಕಾಪ್ಟರ್ ಆ ಕಡೆ ಹೋಗುತ್ತೆ. ಇಲ್ಲೊಂದು ವಿಶೇಷ ಇದೆ. ಬ್ಲೇಡಿಗೆ ಬಲ ಜಾಸ್ತಿ ಸಿಕ್ಕ ಜಾಗದಲ್ಲೇ ಅದು ಮೇಲೇರಲ್ಲ, ಹತ್ತಿರ ಹತ್ತಿರ ಕಾಲು ಸುತ್ತು ಮುಂದೆ ಹೋದ ಮೇಲೆ ಏರುತ್ತೆ. ಅದನ್ನು ಲೆಕ್ಕ ಹಿಡಿದೇ ಲಿಂಕ್ ಜೋಡಿಸಿರುತ್ತಾರೆ.

“ನಮ್ಮಪ್ಪ ಇದ್ದಿದ್ರೆ ಇದನ್ನ ನೋಡಿ ಊಟ ಬಿಡ್ತಿದ್ದ ಮೇಡಂ,” ಅಂದರು ಅಣ್ಣ.

ಮುಂದೆ ಹಾರುವಾಗ ಏನಾಗುತ್ತೆ ಅಂತ ನೋಡೋಕೆ ಪೆಡೆಸ್ಟಲ್ ಫ್ಯಾನನ್ನು ಪಕ್ಕದಿಂದ ಬಿಟ್ಟೆವು. ಅದೇ ಕೋನ, ಅದೇ ಸುತ್ತು. 450 ಇದ್ದದ್ದು 520 ದಾಟಿತು. ಪಕ್ಕದಿಂದ ಹೊಸ ಗಾಳಿ ಬರುತ್ತಲೇ ಇದ್ದರೆ ರೋಟರ್ ತಾನೇ ಓಡಿಸಿದ ಗಾಳಿಯಲ್ಲಿ ಕೆಲಸ ಮಾಡಬೇಕಿಲ್ಲ. ಭಾರ ಜಾಸ್ತಿ ಇದ್ದಾಗ ಹೆಲಿಕಾಪ್ಟರ್ ಸ್ವಲ್ಪ ಎದ್ದು, ಮೂಗು ತಗ್ಗಿಸಿ ಮುಂದೆ ಓಡಿ ಆಮೇಲೆ ಏರೋದನ್ನು ನೋಡಿರಬಹುದು. ಕಾರಣ ಇದೇ. ಆದರೆ ಇದರ ಜೊತೆ ಒಂದು ತೊಂದರೆಯೂ ಬರುತ್ತೆ. ಗಾಳಿಗೆ ಎದುರಾಗಿ ಹೋಗುವ ಬ್ಲೇಡಿಗೆ ವೇಗ ಕೂಡುತ್ತೆ, ಗಾಳಿಯ ಜೊತೆ ಹೋಗುವ ಬ್ಲೇಡಿಗೆ ಕಳೆಯುತ್ತೆ. ಒಂದು ಪಕ್ಕ ಲಿಫ್ಟ್ ಜಾಸ್ತಿ, ಇನ್ನೊಂದು ಪಕ್ಕ ಕಡಿಮೆ. ಸ್ಪೇನಿನ ಹುವಾನ್ ದೆ ಲಾ ಸಿಯೆರ್ವಾ ಕಟ್ಟಿದ ಮೊದಲ ಆಟೋಜೈರೋಗಳು (ಮೇಲಿನ ರೋಟರನ್ನು ಎಂಜಿನ್ ಬದಲು ಗಾಳಿಯೇ ತಿರುಗಿಸುವ ವಿಮಾನಗಳು) ಇದರಿಂದಲೇ ಪಕ್ಕಕ್ಕೆ ಮಗುಚಿದವು. ಅವರು ಬ್ಲೇಡಿನ ಬುಡಕ್ಕೆ ಕೀಲು ಹಾಕಿ, ಬ್ಲೇಡ್ ತಾನಾಗಿ ಮೇಲೆ ಕೆಳಗೆ ಬಡಿದುಕೊಳ್ಳೋಕೆ ಬಿಟ್ಟರು. ಏರುವ ಬ್ಲೇಡಿಗೆ ಕೋನ ಕಡಿಮೆ ಸಿಗುತ್ತೆ, ಇಳಿಯುವ ಬ್ಲೇಡಿಗೆ ಜಾಸ್ತಿ. ಎರಡೂ ಪಕ್ಕ ಸರಿಹೋಯಿತು. 1923ರ ಜನವರಿಯಲ್ಲಿ ಆ ಆಟೋಜೈರೋ ಹಾರಿತು. ಅಷ್ಟು ಚಿಕ್ಕ ಕೀಲು ಮಾಡಿದ ಕೆಲಸ ನೋಡಿದರೆ ನನಗೆ ಈಗಲೂ ಆಶ್ಚರ್ಯ ಆಗುತ್ತೆ.

ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನ ಹಾಗೆ ಬೀಳುತ್ತೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ನಮ್ಮ ಹುಡುಗರೂ ಹಾಗೇ ಅಂದರು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೈವೇಯಲ್ಲಿ ಹೋದರೆ ಗುಡ್ಡದ ಸಾಲಿನ ಮೇಲೆ ವಿಂಡ್‌ಮಿಲ್‌ಗಳು ಕಾಣುತ್ತವೆ. ಅವಕ್ಕೆ ಎಂಜಿನ್ ಎಲ್ಲಿದೆ? ಗಾಳಿಯೇ ತಿರುಗಿಸುತ್ತೆ. ಕೆಳಗೆ ಇಳಿಯುತ್ತಿರುವ ಹೆಲಿಕಾಪ್ಟರಿಗೂ ಗಾಳಿ ಕೆಳಗಿನಿಂದ ಬರುತ್ತಿರುತ್ತೆ. ಪೈಲಟ್ ತಕ್ಷಣ ಕೋನ ಇಳಿಸಿದರೆ ಆ ಗಾಳಿಯೇ ಬ್ಲೇಡನ್ನು ಓಡಿಸುತ್ತೆ. ನಾವು ಮಾಡೆಲನ್ನು ಮಲಗಿಸಿ ಫ್ಯಾನಿಗೆ ಎದುರು ಹಿಡಿದೆವು. ಮೋಟರ್ ವೈರ್ ಬಿಚ್ಚಿತ್ತು. ಕೋನ ಸೊನ್ನೆಗಿಂತ ಸ್ವಲ್ಪ ಕೆಳಗೆ. ಕೈಯಲ್ಲಿ ಒಮ್ಮೆ ತಿರುಗಿಸಿ ಬಿಟ್ಟರೆ ರೋಟರ್ ನಿಲ್ಲಲೇ ಇಲ್ಲ, ನಿಧಾನಕ್ಕೆ ವೇಗ ಏರಿಸಿಕೊಂಡಿತು. ಈ ಮಾಡೆಲಿನ ಗೇರಿನಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಬೇರಿಂಗ್ ಇದೆ, ಮೋಟರ್ ನಿಂತರೂ ರೋಟರ್ ಬಿಡುವಾಗಿ ತಿರುಗುತ್ತೆ. ದೊಡ್ಡ ಹೆಲಿಕಾಪ್ಟರಿನಲ್ಲೂ ಇಂಥದ್ದೇ ವ್ಯವಸ್ಥೆ ಇರುತ್ತೆ. ನೆಲ ಹತ್ತಿರ ಬಂದಾಗ ಪೈಲಟ್ ಕೋನ ಏರಿಸುತ್ತಾನೆ. ಅಲ್ಲಿವರೆಗೆ ತಿರುಗುವ ಬ್ಲೇಡಿನಲ್ಲಿ ಕೂಡಿಟ್ಟ ಶಕ್ತಿ ಲಿಫ್ಟ್ ಆಗಿ ಹೊರಗೆ ಬರುತ್ತೆ. ಒಂದೇ ಸಲ ಸಿಗೋದು ಅದು, ಅದಕ್ಕೆ ಸಮಯ ತಪ್ಪಬಾರದು.

1972ರ ಜೂನ್ 21ರಂದು ಫ್ರಾನ್ಸಿನ ಜಾನ್ ಬೂಲೆ ಲಾಮಾ ಹೆಲಿಕಾಪ್ಟರಿನಲ್ಲಿ 12,442 ಮೀಟರ್ ಎತ್ತರಕ್ಕೆ ಏರಿ ದಾಖಲೆ ಮಾಡಿದರು. ಅಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಅಷ್ಟು ಎತ್ತರದಿಂದ ಹೀಗೇ ಗಾಳಿಯಲ್ಲಿ ರೋಟರ್ ತಿರುಗಿಸಿಕೊಂಡು ಇಳಿದು ಕ್ಷೇಮವಾಗಿ ನೆಲ ಮುಟ್ಟಿದರು. ಅದೇ ಲಾಮಾವನ್ನು ಎಚ್‌ಎಎಲ್ ನಮ್ಮಲ್ಲಿ ಚೀತಾ ಅನ್ನೋ ಹೆಸರಿನಲ್ಲಿ ತಯಾರಿಸಿತು. ಸಿಯಾಚಿನ್‌ಗೆ ಸಾಮಾನು ಹೊತ್ತದ್ದು ಅದೇ. ಈಗ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು. ನಮ್ಮಿಂದ ದೂರವೇನಲ್ಲ. ಈ ಮಕ್ಕಳಲ್ಲಿ ಒಬ್ಬರಾದರೂ ಅಲ್ಲಿ ಕೆಲಸಕ್ಕೆ ಹೋಗಲಿ ಅಂತ ನನಗೆ ಆಸೆ.

ಬೇರೆ ಮೇಷ್ಟ್ರುಗಳು ಯಾರಾದರೂ ಇದನ್ನು ಕಟ್ಟೋದಾದರೆ ದಯವಿಟ್ಟು ಪಂಜರ ಮೊದಲು ಮಾಡಿಸಿ, ರೋಟರ್ ಆಮೇಲೆ. ಬ್ಲೇಡ್ ತಿರುಗುವ ಮಟ್ಟಕ್ಕೆ ಸರಿಯಾಗಿ ಯಾರೂ ನಿಲ್ಲಬಾರದು, ಏನಾದರೂ ಕಳಚಿದರೆ ಅದು ಹೋಗುವ ದಾರಿ ಅದೇ. ಪ್ರತಿ ಸಲ ಓಡಿಸುವ ಮುಂಚೆ ಬ್ಲೇಡಿನ ಬೋಲ್ಟ್, ಲಿಂಕ್ ಎಲ್ಲಾ ಕೈಯಲ್ಲಿ ಮುಟ್ಟಿ ನೋಡಿ. 1500 ಸುತ್ತಿಗಿಂತ ಜಾಸ್ತಿ ಬೇಡ, ಪಾಠಕ್ಕೆ ಅಷ್ಟು ಸಾಕು. ಬ್ಯಾಟರಿ ಕನೆಕ್ಟರ್ ಬಿಚ್ಚದೆ ಪಂಜರದ ಬಾಗಿಲನ್ನು ಯಾರೂ ತೆಗೆಯಬಾರದು, ನೀವೂ ಸಹ.